ಹಲ್ಲು ನೋಡಿ ಆಡಿಸುತ್ತಿದ್ದ ಪ್ರೇಮಲತಾ

ಎನ್.ಆರ್. ಕಾಲೋನಿಯ ನಮ್ಮ ಶಾಲೆಗೆ ರಗ್ಬಿಯನ್ನು ಯಾರೂ ಕರೆದಿರಲಿಲ್ಲ, ಅದಾಗಿಯೇ ಬಂತು. 2002ರಲ್ಲಿ ಯಾವುದೋ ಕ್ಲಬ್ಬಿನ ಇಬ್ಬರು ಹುಡುಗರು ಬೈಕಿನಲ್ಲಿ ಬಂದು, ಕೋಳಿಮೊಟ್ಟೆಯ ಆಕಾರದ ನಾಲ್ಕು ಚೆಂಡು, ಒಂದು ಇಂಗ್ಲಿಷ್ ಪುಸ್ತಿಕೆ ಕೊಟ್ಟು, ಹೆಡ್‌ಮಾಸ್ಟರ್ ಹನುಮಂತಯ್ಯನವರ ಜೊತೆ ಫೋಟೊ ತೆಗೆಸಿಕೊಂಡು ಹೋದರು. ಪುಕ್ಕಟೆ ಬಂದದ್ದನ್ನು ಬೇಡ ಎನ್ನುವ ಜಾಯಮಾನ ಹನುಮಂತಯ್ಯನವರದಲ್ಲ. ಚೆಂಡುಗಳನ್ನು ಪಿ.ಟಿ. ಟೀಚರ್ ಪ್ರೇಮಲತಾಳಿಗೆ ಕೊಟ್ಟರು, ಪುಸ್ತಿಕೆಯನ್ನು ನನ್ನ ಮೇಜಿನ ಮೇಲಿಟ್ಟರು.

"ವರದರಾಜ್, ನೀವು ಸೈನ್ಸ್ ಮೇಷ್ಟ್ರು. ಓದಿ ಆಯಮ್ಮನಿಗೆ ಅರ್ಥ ಮಾಡ್ಸಿ."

ವಿಜ್ಞಾನಕ್ಕೂ ರಗ್ಬಿಗೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ವಾರ್ಷಿಕೋತ್ಸವವನ್ನೂ ನನ್ನ ತಲೆಗೇ ಕಟ್ಟುತ್ತಿದ್ದರು.

ಪ್ರೇಮಲತಾಳ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಗಾಂಧಿಬಜಾರಿನಲ್ಲಿ ತರಕಾರಿ ವ್ಯಾಪಾರ ಮಾಡುವ ಮನೆತನದ ಹೆಣ್ಣು. ಆಕೆಯ ತಾಯಿ ಮುನಿಲಕ್ಷ್ಮಮ್ಮ ಅವರೆಕಾಯಿ ಕಾಲದಲ್ಲಿ ಗೋಣಿಯ ಮೇಲೆ ಕೂತರೆ, ನಾವು ಮೇಷ್ಟ್ರುಗಳೆಲ್ಲ ಆಕೆಯ ಗಂಟಲಿಗೆ ಹೆದರಿ ಸೊಗಡು ಮೂಸಿಯೂ ನೋಡದೆ ಹಾಕಿದಷ್ಟು ಹಾಕಿಸಿಕೊಂಡು ಬರುತ್ತಿದ್ದೆವು. ಮಗಳದೂ ಅದೇ ಗಂಟಲು. ಕಾಲೇಜಿನಲ್ಲಿ ಕಬಡ್ಡಿ ಆಡಿ ರಾಜ್ಯದ ತಂಡದವರೆಗೂ ಹೋಗಿದ್ದವಳು. ಎಡ ಹೆಗಲಿನ ಮೂಳೆ ಎರಡು ಸಲ ಮುರಿದು ಅಡ್ಡಾದಿಡ್ಡಿ ಕೂಡಿಕೊಂಡಿತ್ತು. ಸೆರಗು ಅದರ ಮೇಲೆ ನಿಲ್ಲುತ್ತಿರಲಿಲ್ಲ. ಹಾಗಾಗಿ ನಮ್ಮ ಶಾಲೆಯಲ್ಲಿ ಚೂಡಿದಾರ ಹಾಕಿಕೊಂಡು ಬಂದ ಮೊದಲ ಟೀಚರ್ ಆಕೆಯೇ. ಹನುಮಂತಯ್ಯನವರು ಕರೆಸಿ ಕೇಳಿದಾಗ, "ಸೀರೆ ಉಟ್ಕೊಂಡೇ ಹೈಜಂಪ್ ತೋರಿಸ್ತೀನಿ ಸಾರ್, ನೀವೇ ನೋಡಿ ಹೇಳಿ" ಎಂದಳಂತೆ. ಅವರು ನೋಡುವ ಗೋಜಿಗೆ ಹೋಗಲಿಲ್ಲ. ಪ್ರೇಮಲತಾಳ ಬಳೆಗೆ ಸದಾ ನಾಲ್ಕಾರು ಸೇಫ್ಟಿ ಪಿನ್ನು ತೂಗುತ್ತಿದ್ದವು. ಹರಿದ ಚಡ್ಡಿ, ಕಿತ್ತ ಗುಂಡಿ, ಹೋದ ಹುಕ್ಕು ಯಾವುದಿದ್ದರೂ ಮಗು ಅಳುವುದರೊಳಗೆ ಪಿನ್ನು ಬಿದ್ದಿರುತ್ತಿತ್ತು. ಬೈಗುಳವೂ ಜೊತೆಗೇ ಬೀಳುತ್ತಿತ್ತು, ಆದರೆ ಅದಕ್ಕೆ ಯಾವ ಮಗುವೂ ಬೇಜಾರು ಮಾಡಿಕೊಂಡದ್ದನ್ನು ನಾನು ಕಂಡಿಲ್ಲ.

ಪುಸ್ತಿಕೆಯನ್ನು ಒಂದು ಭಾನುವಾರ ಕೂತು ಓದಿದೆ. ಚೆಂಡು ಹಿಡಿದು ಓಡುವವನನ್ನು ಎದುರಿನವರು ಅಪ್ಪಿ ನೆಲಕ್ಕೆ ಕೆಡವುವ ಆಟ ಅದು. ಶಾಲೆಗಳಲ್ಲಿ ಇಂಥದ್ದನ್ನು ಯಾಕೆ ಕಲಿಸುತ್ತಾರಪ್ಪಾ ಎಂದು ಗೊಣಗಿಕೊಂಡೇ ಪುಟ ತಿರುವಿದೆ. ಆದರೆ ಅದನ್ನು ಬರೆದವರು ಮಕ್ಕಳನ್ನು ಸಾಕಿದವರಿರಬೇಕು. ಎಂಟರ ಕೆಳಗಿನವರಿಗೆ ಕೆಡವುವ ಮಾತೇ ಇಲ್ಲ. ಸೊಂಟದ ಎರಡು ಪಕ್ಕಕ್ಕೂ ಬಟ್ಟೆಯ ಪಟ್ಟಿ ಸಿಕ್ಕಿಸಿಕೊಂಡು ಓಡಬೇಕು, ಎದುರಿನವರು ಪಟ್ಟಿ ಕಿತ್ತರೆ ಹಿಡಿದ ಲೆಕ್ಕ. ಚೆಂಡು ಚಿಕ್ಕದು, ಅಂಗಳ ಚಿಕ್ಕದು, ಒಂದು ಕಡೆಗೆ ಐದಾರು ಜನ, ಒದೆಯುವಂತಿಲ್ಲ. ಹತ್ತರ ಸುಮಾರಿಗೆ ಕೆಡವುವುದನ್ನು ಕಲಿಸಬೇಕು, ಅದೂ ಮೊದಲು ಮಂಡಿಯೂರಿ, ಆಮೇಲೆ ನಡೆಯುತ್ತ, ಕೊನೆಗೆ ಓಡುತ್ತ. ಹಿಡಿತ ಸೊಂಟದಿಂದ ಕೆಳಗೇ ಇರಬೇಕು. ಹನ್ನೆರಡಕ್ಕೆ ಮೈದಾನ ದೊಡ್ಡದಾಗುತ್ತದೆ, ಜನ ಹೆಚ್ಚುತ್ತಾರೆ, ಚೆಂಡನ್ನು ಒದೆಯಲೂಬಹುದು.

ಇದನ್ನೆಲ್ಲ ಸ್ಟಾಫ್ ರೂಮಿನಲ್ಲಿ ಕನ್ನಡದಲ್ಲಿ ಹೇಳಿದೆ. ಪ್ರೇಮಲತಾ ಪೂರ್ತಿ ಕೇಳಿದಳು.

"ಚೆನ್ನಾಗಿದೆ ಸಾರ್. ನಮ್ಗೆ ಕಬಡ್ಡೀಲಿ ಯಾರೂ ಹಿಂಗೆ ಮೆಟ್ಲು ಮೆಟ್ಲಾಗಿ ಹತ್ತಿಸ್ಲಿಲ್ಲ. ನೇರ ಮಹಡಿ ಮೇಲಿಂದ ತಳ್ಳಿದ್ರು" ಎಂದು ಎಡ ಹೆಗಲನ್ನು ಮುಟ್ಟಿಕೊಂಡಳು.

ತೊಂದರೆ ಬಂದದ್ದು ವಯಸ್ಸಿನಲ್ಲಿ. ನಮ್ಮ ಶಾಲೆಯ ಅರ್ಧ ಮಕ್ಕಳು ಜೂನ್ ಒಂದನೇ ತಾರೀಕು ಹುಟ್ಟಿದವರು. ಸೇರಿಸಲು ಬಂದ ಅಪ್ಪನಿಗೆ ತಾರೀಕು ನೆನಪಿಲ್ಲದಿದ್ದರೆ ನಮ್ಮ ಗುಮಾಸ್ತರೇ ಮಗುವನ್ನು ಹುಟ್ಟಿಸಿಬಿಡುತ್ತಿದ್ದರು. ಇನ್ನರ್ಧ ಮಕ್ಕಳ ವಯಸ್ಸನ್ನು, ಬೇಗ ಶಾಲೆಗೆ ಹಾಕುವ ಆಸೆಗೆ, ಮನೆಯವರೇ ಹಿಗ್ಗಿಸಿದ್ದರು. ಇಂಥ ವಯಸ್ಸು ನಂಬಿ ಮಕ್ಕಳನ್ನು ಒಬ್ಬರ ಮೇಲೊಬ್ಬರು ಬೀಳಿಸಲು ಪ್ರೇಮಲತಾ ಒಪ್ಪಲಿಲ್ಲ. ಎಲ್ಲರನ್ನೂ ಹೊಂಗೆಮರದ ಕೆಳಗೆ ಸಾಲಾಗಿ ನಿಲ್ಲಿಸಿ, "ಎಲ್ಲಾ ಆ ಅನ್ನಿ" ಎಂದಳು.

ಆಕೆಯ ಲೆಕ್ಕ ಹಲ್ಲಿನದು. ಒಂದು ಹಲ್ಲೂ ಬೀಳದವರು ಹಾಲುಹಲ್ಲಿನ ಗುಂಪು: ಪಟ್ಟಿ ಕಟ್ಟಿಕೊಂಡು ಓಡಿದರೆ ಸಾಕು, ಯಾವ ದಿಕ್ಕಿಗೆ ಓಡಿದರೂ ಬೈಯುವಂತಿಲ್ಲ. ಮುಂದಿನ ಹಲ್ಲು ಬಿದ್ದವರು ಓಟೆಹಲ್ಲಿನ ಗುಂಪು: ಪಟ್ಟಿಯೇ, ಆದರೆ ಚೆಂಡನ್ನು ಹಿಂದಿರುವ ಜೊತೆಯವರಿಗೇ ಎಸೆಯಬೇಕೆಂಬ ರಗ್ಬಿಯ ಕಾನೂನು ಜಾರಿ. ಮೇಲೆ ನಾಲ್ಕು ಕೆಳಗೆ ನಾಲ್ಕು ಹೊಸ ಹಲ್ಲು ಬಂದವರು ಗಟ್ಟಿಹಲ್ಲಿನ ಗುಂಪು: ಅವರಿಗೆ ಕೆಡವುವ ಪಾಠ. ನಾನು ನಕ್ಕೆ. ಆದರೆ ಪುಸ್ತಿಕೆಯ ವಯಸ್ಸಿಗೂ ಆಕೆಯ ಹಲ್ಲಿಗೂ ತಾಳೆ ನೋಡಿದರೆ ಹೆಚ್ಚು ಕಡಿಮೆ ಸರಿಯಾಗಿತ್ತು, ಗುಮಾಸ್ತರ ಜೂನ್ ಒಂದಕ್ಕಿಂತ ಸಾವಿರ ಪಾಲು ವಾಸಿ.

ಪಟ್ಟಿಗೆ ಬಟ್ಟೆ ಕೊಟ್ಟವರು ಶಾಲೆಯ ಎದುರು ಮನೆಯ ಜಾನಕಮ್ಮ. ಅವರ ಮೊಮ್ಮಗ ಸಮರ್ಥ ನಮ್ಮಲ್ಲೇ ಓದುತ್ತಿದ್ದ. ನಮ್ಮ ಕಡೆ ಅರಿಶಿನ ಕುಂಕುಮಕ್ಕೆ ಹೋದ ಹೆಂಗಸರಿಗೆ ಒಂದು ಬ್ಲೌಸ್ ಪೀಸು ಕೊಡುವುದುಂಟು. ಅದನ್ನು ಯಾರೂ ಹೊಲಿಸುವುದಿಲ್ಲ, ಇನ್ನೊಬ್ಬರು ಬಂದಾಗ ಅವರಿಗೆ ದಾಟಿಸುತ್ತಾರೆ. ತಾವೇ ಕೊಟ್ಟ ಪೀಸು ಬಸವನಗುಡಿಯನ್ನೆಲ್ಲ ಸುತ್ತಿ ತಮಗೇ ವಾಪಸು ಬಂದದ್ದನ್ನು ಜಾನಕಮ್ಮ ಗುರುತು ಹಿಡಿದಿದ್ದರಂತೆ. ಒಂದು ಟ್ರಂಕಿನ ತುಂಬ ಅವೇ. "ಈ ಜನ್ಮದಲ್ಲಿ ಇವಕ್ಕೆ ಮುಕ್ತಿ ಇಲ್ಲ ಅನ್ಕೊಂಡಿದ್ದೆ" ಎಂದು ತಾವೇ ಕತ್ತರಿ ಹಿಡಿದು ಪಟ್ಟಿ ಪಟ್ಟಿ ಮಾಡಿಕೊಟ್ಟರು. ಕೆಂಪು, ಹಸಿರು, ಗಿಳಿಹಸಿರು, ಬದನೆ ಬಣ್ಣ. ಸಂಜೆ ಮಕ್ಕಳು ಅವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡುವಾಗ ಜಾನಕಮ್ಮ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ನಾನು ಸೀಟಿ ಊದುತ್ತಿದ್ದೆ. ನನ್ನಂಥ ಸಿಡುಕನಿಗೆ ಆ ಹೊತ್ತು ಹೇಗೆ ಕಳೆಯುತ್ತಿತ್ತು ಎಂದರೆ, ಮನೆಯಲ್ಲಿ ಕಾಫಿ ಆರಿಹೋಗಿ ಬೈಸಿಕೊಂಡದ್ದು ಎಷ್ಟೋ ದಿನ.

ಆ ಮಕ್ಕಳಲ್ಲಿ ಒಬ್ಬ ಪ್ರೇಮಲತಾಳ ಮಗ ಗೋಕುಲ್. ಏಳು ತಿಂಗಳಿಗೇ ಹುಟ್ಟಿದ ಕೂಸು. ಆಸ್ಪತ್ರೆಯಲ್ಲಿ ಅವನನ್ನು ವಾರಗಟ್ಟಲೆ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರಂತೆ. ಉಪ್ಪಾರಪೇಟೆಯ ಲಾಡ್ಜೊಂದರಲ್ಲಿ ಮ್ಯಾನೇಜರಾಗಿದ್ದ ಗಂಡ ರಾತ್ರಿ ಪಾಳಿ ಮುಗಿಸಿ ಬರುವ ತನಕ ಈಕೆ ಒಬ್ಬಳೇ ಗಾಜಿನ ಈಚೆ ನಿಂತಿರುತ್ತಿದ್ದಳು. "ಮುಟ್ಟೋಹಾಗಿರ್ಲಿಲ್ಲ ಸಾರ್. ಎದೆ ಏಳ್ತಿದ್ಯಾ ಇಲ್ವಾ ಅಂತ ನೋಡೋದೇ ಕೆಲಸ" ಎಂದು ಒಮ್ಮೆ ನನಗೆ ಹೇಳಿದ್ದಳು. ಎಲ್ಲರನ್ನೂ ಗದರಿಸುವ ಹೆಣ್ಣು ಅದನ್ನು ಹೇಳುವಾಗ ಕಿಟಕಿಯ ಕಡೆ ತಿರುಗಿಕೊಂಡಿದ್ದಳು.

ಕೂಸು ದೊಡ್ಡದಾಯಿತು. ತೆಳ್ಳಗೆ, ನುಗ್ಗೆಕಾಯಿಯಂಥ ಕಾಲು, ಆದರೆ ಓಡಿದರೆ ಅವನ ಪಟ್ಟಿ ಕೀಳುವವರು ಇಡೀ ಶಾಲೆಯಲ್ಲಿ ಇರಲಿಲ್ಲ. ಅವನಿಗೂ ಆಟವೆಂದರೆ ಪ್ರಾಣ. ಪುಸ್ತಿಕೆಯನ್ನು ನನ್ನಿಂದ ತೆಗೆದುಕೊಂಡು ಹೋಗಿ ಕೆಡವುವ ಚಿತ್ರಗಳನ್ನು ನೋಡಿ ನೋಡಿ ಆ ಪುಟಗಳೇ ಮಾಸಿದ್ದವು.

2004ಕ್ಕೆ ಗೋಕುಲನಿಗೆ ಹತ್ತಾಯಿತು. ಮೇಲೆ ನಾಲ್ಕು ಕೆಳಗೆ ನಾಲ್ಕು ಹಲ್ಲು ಹೊಳೆಯುತ್ತಿದ್ದವು. ಆ ಜೂನಿನಲ್ಲಿ ಹೊಂಗೆಮರದ ಕೆಳಗೆ ಪ್ರೇಮಲತಾ ಹೊಸ ಕಾನೂನು ಹೇಳಿದಳು: ಗಟ್ಟಿಹಲ್ಲಿನ ಗುಂಪಿಗೆ ಕೋರೆಹಲ್ಲೂ ಬಂದಿರಬೇಕು. ನಾನು ಅಷ್ಟಾಗಿ ಗಮನಿಸಲಿಲ್ಲ. ಮರುವರ್ಷ ಗೋಕುಲನಿಗೆ ಕೋರೆಹಲ್ಲು ಇಣುಕಿತು. ಆಗ ಕಾನೂನು ದವಡೆಯ ಕಡೆಗೆ ಸರಿಯಿತು: ಕೋರೆಹಲ್ಲು ಸಾಲದು, ಹಿಂದಿನ ಹೊಸ ದವಡೆಹಲ್ಲೂ ಬರಬೇಕು. ನಮ್ಮದು ಏಳನೇ ತರಗತಿಯವರೆಗಿನ ಶಾಲೆ. ಆ ಹಲ್ಲು ಬರುವ ಹೊತ್ತಿಗೆ ಮಕ್ಕಳು ಟಿ.ಸಿ. ತೆಗೆದುಕೊಂಡು ಹೋಗಿರುತ್ತಾರೆ. ಅಂದರೆ ಗಟ್ಟಿಹಲ್ಲಿನ ಗುಂಪಿನಲ್ಲಿ ಈಗ ಯಾರೂ ಇಲ್ಲ. ಹನ್ನೊಂದು ಹನ್ನೆರಡರ ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲ ಇನ್ನೂ ಜಾನಕಮ್ಮನವರ ಬ್ಲೌಸ್ ಪೀಸು ಕೀಳುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. "ಪ್ರೇಮಲತಾ, ಈ ಲೆಕ್ಕದಲ್ಲಿ ನಿಮ್ಮ ಮಗನಿಗೆ ಬುದ್ಧಿಹಲ್ಲು ಬಂದು, ಮದುವೆ ಆದ್ರೂ ಪಟ್ಟಿ ಕೀಳ್ತಾ ಇರ್ತಾನೆ" ಎಂದೆ.

"ಇರ್ಲಿ ಬಿಡಿ ಸಾರ್. ಆತುರ ಏನು."

"ಪುಸ್ತಕದಲ್ಲಿ ಹತ್ತಕ್ಕೆ ಶುರು ಮಾಡಿ ಅಂತಿದೆ."

"ಆ ಪುಸ್ತಕ ಬರ್ದೋರು ಬೆಣ್ಣೆ ತಿಂದು ಬೆಳೆದೋರು ಸಾರ್. ನಮ್ಮವು ತಿಳಿಸಾರು ತಿಂದು ಬೆಳೆದಿರೋವು."

ಅವರೆ ಮಾರುವವರ ಮಗಳ ಮನೆಯಲ್ಲಿ ತಿಳಿಸಾರು ಎಲ್ಲಿಂದ ಬಂತು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಆಕೆಗೆ ಹೆದರಿಕೆ ಎಂದು ನನಗೆ ಗೊತ್ತಿತ್ತು, ಹೆದರಿದವರ ಜೊತೆ ವಾದ ಮಾಡಿ ಯಾರೂ ಗೆದ್ದಿಲ್ಲ.

2006ರಲ್ಲಿ ಮಲ್ಲೇಶ್ವರದ ಒಂದು ಮೈದಾನದಲ್ಲಿ ಹನ್ನೆರಡು ವರ್ಷದವರೆಗಿನ ಮಕ್ಕಳ ಸ್ನೇಹಕೂಟದ ಪಂದ್ಯಗಳಿವೆ, ಬನ್ನಿ ಎಂದು ಕರೆ ಬಂತು. ಹನುಮಂತಯ್ಯನವರು ಪ್ರೇಮಲತಾಳನ್ನು ಒಂದು ಮಾತೂ ಕೇಳದೆ ಬೆಳಗಿನ ಪ್ರಾರ್ಥನೆಯಲ್ಲೇ ಘೋಷಿಸಿಬಿಟ್ಟರು. ಮಕ್ಕಳು ಕುಣಿದಾಡಿದರು. ಆಕೆ ಆಫೀಸಿನ ಫೋನಿನಿಂದ ಕೂಟದವರಿಗೆ ಫೋನ್ ಮಾಡಿ, ಪಟ್ಟಿ ಆಟವಾ ಎಂದು ಕೇಳಿದಳು. ಅಲ್ಲ, ಹನ್ನೆರಡಕ್ಕೆ ಕೆಡವುವ ಆಟವೇ ಎಂದರು ಅತ್ತಲಿಂದ. ಬೇಡವೆಂದು ಹೇಳಲು ಹನುಮಂತಯ್ಯನವರ ಬಳಿಗೂ ಹೋದಳು. ಅವರು, "ನಮ್ಮ ಮಕ್ಕಳು ಓಡೋದ್ರಲ್ಲಿ ಪಂಟರು ಕಣಮ್ಮ, ಸಿಕ್ಕಿದ್ರೆ ತಾನೆ ಬೀಳ್ಸೋದು" ಎಂದರು. ಆಕೆ ಅದನ್ನು ನಂಬಿದಳೋ, ನಂಬಬೇಕೆಂದು ನಂಬಿದಳೋ, ಅಂತೂ ಶನಿವಾರ ಮಕ್ಕಳನ್ನು ಬಸ್ಸು ಹತ್ತಿಸಿದೆವು.

ಮೈದಾನದ ಬದಿಯಲ್ಲಿ ಪ್ರೇಮಲತಾ ಆಡುವವರ ಹೆಸರು ಕೂಗುವಾಗ ಗೋಕುಲನ ಹೆಸರು ಬರಲಿಲ್ಲ. ಅವನು ಎಕ್ಸ್‌ಟ್ರಾ. ಶಾಲೆಯ ಅತಿ ವೇಗದ ಓಟಗಾರ ನೀರಿನ ಕ್ಯಾನಿನ ಪಕ್ಕ ಕೂತ. ಅವನ ಬದಲು ಸಮರ್ಥ ಇಳಿದ.

ಮುಂದಿನದನ್ನು ಹೇಳಲು ನನಗೆ ಈಗಲೂ ಸಂಕಟ. ಎದುರಿನ ತಂಡದ ಹುಡುಗ ಚೆಂಡು ಹಿಡಿದು ಓಡಿಬಂದ. ನಮ್ಮ ಮಕ್ಕಳು ನಾಲ್ಕು ಜನ ಸರಿಯಾಗಿ ಅಡ್ಡ ಬಂದು, ಅವನ ಸೊಂಟಕ್ಕೆ ಕೈ ಹಾಕಿ, ಇಲ್ಲದ ಪಟ್ಟಿಯನ್ನು ಕಿತ್ತರು. ವರ್ಷಗಟ್ಟಲೆ ಕೈಗೆ ಕೂತ ಅಭ್ಯಾಸ. ಒಬ್ಬನಂತೂ ಖಾಲಿ ಮುಷ್ಟಿಯನ್ನು ಮೇಲೆತ್ತಿ, ಹಿಡಿದೆ ಎಂದು ನನ್ನ ಕಡೆ ನೋಡಿದ. ನೋಡುತ್ತಿದ್ದವರು ನಕ್ಕರು, ಮೊದಲ ಸಲ ನಾನೂ ನಕ್ಕೆ. ಆಮೇಲೆ ಚೆಂಡು ಸಮರ್ಥನಿಗೆ ಸಿಕ್ಕಿತು. ಎದುರಿನ ಹುಡುಗ ಅವನನ್ನು ಕಾನೂನಿನ ಪ್ರಕಾರವೇ, ತೊಡೆಯ ಸುತ್ತ ಅಪ್ಪಿ ಹಿಡಿದ. ಅವನದೇನೂ ತಪ್ಪಿಲ್ಲ. ಬೀಳುವವನು ಚೆಂಡನ್ನು ಎದೆಗೆ ಅವಚಿಕೊಂಡು ಭುಜದ ಮೇಲೆ ಉರುಳಬೇಕು; ಸಮರ್ಥ ಗೋಡೆಗೆ ಕೈ ಕೊಡುವವನ ಹಾಗೆ ಕೈ ಮುಂದೆ ಚಾಚಿ ನೇರ ಅದರ ಮೇಲೆ ಬಿದ್ದ. ಮಣಿಕಟ್ಟು ಮುರಿಯಿತು.

ನಾನು ಓಡುವ ಮೊದಲೇ ಪ್ರೇಮಲತಾ ಅಲ್ಲಿದ್ದಳು. ದುಪಟ್ಟಾ ಹರಿದು ಕೈಯನ್ನು ಕೊರಳಿಗೆ ಕಟ್ಟಿ, ಬಳೆಯ ಪಿನ್ನು ಹಾಕಿ, ಅವನನ್ನು ಆಟೋ ಹತ್ತಿಸಿಕೊಂಡು ಆಸ್ಪತ್ರೆಗೆ ಹೋದಳು. ಉಳಿದ ಮಕ್ಕಳನ್ನು ನಾನು ಬಸ್ಸಿನಲ್ಲಿ ಕರೆತಂದೆ. ಸಂಜೆ ಅಮ್ಮ ಆಸ್ಪತ್ರೆಯಿಂದ ಶಾಲೆಯ ಗೇಟಿಗೆ ಬಂದಾಗ ಗೋಕುಲ್ ಸಿಡಿದ.

"ನನ್ನ ಯಾಕಮ್ಮ ಕೂರಿಸ್ದೆ? ನನ್ನ ಜಾಗದಲ್ಲಿ ಹೋಗಿ ಅವ್ನ ಕೈ ಮುರೀತು. ನಾನಿನ್ನು ಆಡಲ್ಲ. ಪಟ್ಟೀನೂ ಆಡಲ್ಲ, ಏನೂ ಆಡಲ್ಲ."

ಆಕೆ ಅವನ ತಲೆ ಮುಟ್ಟಲು ಹೋದಳು. ಅವನು ಹಿಂದೆ ಸರಿದ. ಆ ಒಂದು ಹೆಜ್ಜೆ ಆಕೆಯ ಮುಖದಲ್ಲಿ ಏನು ಮಾಡಿತು ಎಂಬುದನ್ನು ನಾನು ನೋಡಬಾರದಿತ್ತು, ನೋಡಿದೆ.

ಮರುದಿನ ಸಂಜೆ ಆಕೆ ಜಾನಕಮ್ಮನವರ ಮನೆಗೆ ಹೊರಟಳು. ಒಬ್ಬಳೇ ಹೋಗಲು ಕಷ್ಟವಾಗಿ ನನ್ನನ್ನೂ ಕರೆದಳು. ಸಮರ್ಥ ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಟಿ.ವಿ. ನೋಡುತ್ತಿದ್ದ. ಜಾನಕಮ್ಮ ಕೂರಿ ಎಂದರು. ಆಮೇಲೆ ಕೇಳಿದರು.

"ಹತ್ತು ವರ್ಷಕ್ಕೇ ಬೀಳೋದು ಕಲಿಸ್ಬೇಕಂತೆ, ಇವ್ನು ಹೇಳ್ತಿದ್ದ. ಹನ್ನೆರಡಾದ್ರೂ ಯಾಕಮ್ಮ ಕಲಿಸ್ಲಿಲ್ಲ?"

ಪಿ.ಟಿ. ಟೀಚರು ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಜಾಗ ಸಣ್ಣದು, ಮರಳಿಲ್ಲ, ಹೆಡ್‌ಮಾಸ್ಟರು ಬಿಡಲಿಲ್ಲ. ಆಕೆ ಅದೊಂದನ್ನೂ ಹೇಳಲಿಲ್ಲ.

"ನನ್ನ ಮಗನಿಗೋಸ್ಕರ ಅಮ್ಮ. ಅವ್ನ ಯಾರೂ ಬೀಳಿಸ್ಬಾರ್ದು ಅಂತ ಎಲ್ಲಾ ಮಕ್ಕಳಿಗೂ ಕಲಿಸೋದು ನಿಲ್ಲಿಸ್ಬಿಟ್ಟೆ. ನಿನ್ನೆ ಅವ್ನ ಕೂರಿಸ್ಕೊಂಡು ನಿಮ್ಮ ಮೊಮ್ಮಗನ್ನ ಇಳಿಸ್ದೆ."

ಟಿ.ವಿ.ಯಲ್ಲಿ ಯಾರೋ ಸೋಪು ಮಾರುತ್ತಿದ್ದರು. ಸಮರ್ಥ ಎದ್ದು ಅದನ್ನು ಆರಿಸಿದ. ಜಾನಕಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಮುಖ ಕೆಂಪಾಗಿತ್ತು. ಬೈಯುತ್ತಾರೆ ಎಂದು ನಾನು ಚಪ್ಪಲಿಯ ಕಡೆ ನೋಡಿದೆ.

"ಕೂರಿಸ್ಕೊಂಡಿದ್ದು ತಪ್ಪು ಅನ್ನಲ್ಲ. ನಾನಾಗಿದ್ರೂ ಕೂರಿಸ್ಕೊಳ್ತಿದ್ದೆ. ಕಲಿಸ್ದೆ ಇನ್ನೊಬ್ಬರ ಮಗನ್ನ ಇಳಿಸಿದ್ಯಲ್ಲ, ಅದು ತಪ್ಪು" ಎಂದರು. "ಪ್ಲಾಸ್ಟರ್ ಬಿಚ್ಚಿದ್ಮೇಲೆ ಇವ್ನ ಕಳಿಸ್ತೀನಿ. ಅಷ್ಟ್ರಲ್ಲಿ ಕಲಿಸೋದು ಶುರು ಮಾಡಿರು. ನಿನ್ನ ಮಗನಿಂದ್ಲೇ ಶುರು ಮಾಡು."

ಆಮೇಲೆ ಕಾಫಿ ಕೊಟ್ಟರು. ಪ್ರೇಮಲತಾ ಅಳುತ್ತಲೇ ಕುಡಿದಳು.

ಗೋಕುಲನನ್ನು ಅಂಗಳಕ್ಕೆ ತರುವುದು ಸುಲಭವಾಗಲಿಲ್ಲ. ವಾರವಿಡೀ ಅವನು ಸಂಜೆ ಗಂಟೆ ಹೊಡೆದೊಡನೆ ಚೀಲ ಹೆಗಲಿಗೇರಿಸಿ ಅಜ್ಜಿಯ ಅಂಗಡಿಗೆ ಹೊರಟುಬಿಡುತ್ತಿದ್ದ. ಅಮ್ಮ ಬಡಿಸಿದರೆ ಉಣ್ಣುತ್ತಿದ್ದ, ಮಾತಿಲ್ಲ. ಶನಿವಾರ ಬೆಳಿಗ್ಗೆ ಆಕೆ ಲಾಂಗ್‌ಜಂಪಿನ ಮರಳನ್ನು ತಾನೇ ಗುದ್ದಲಿಯಿಂದ ಸಡಿಲ ಮಾಡಿದಳು, ಕಲ್ಲು ಆರಿಸಿದಳು, ಬಳೆಯನ್ನೂ ಪಿನ್ನುಗಳನ್ನೂ ತೆಗೆದು ನನ್ನ ಜೇಬಿಗೆ ಹಾಕಿದಳು. ದೊಡ್ಡ ಮಕ್ಕಳೆಲ್ಲ ಸುತ್ತ ನಿಂತರು. ಗೋಕುಲ್ ದೂರದಲ್ಲಿ ಹೊಂಗೆಮರಕ್ಕೆ ಒರಗಿಕೊಂಡಿದ್ದ.

"ಹಲ್ಲಿನ ಲೆಕ್ಕ ನಾನು ತಪ್ಪು ಮಾಡಿದ್ದೆ" ಎಂದಳು, ಎಲ್ಲರಿಗೂ ಕೇಳುವ ಹಾಗೆ. "ನಿಮ್ಗೆಲ್ಲಾ ಯಾವಾಗ್ಲೋ ವಯಸ್ಸಾಗಿದೆ. ಇವತ್ತು ಬೀಳೋದು, ಬೀಳಿಸೋದು ಎರಡೂ ಕಲೀತೀರಿ. ಕೆನ್ನೆ ತೊಡೆ ಪಕ್ಕಕ್ಕೆ ಒತ್ತಿ ಇಡ್ಬೇಕು, ತಲೆ ಮುಂದೆ ಬರ್ಬಾರ್ದು. ಎರಡೂ ಕೈಲಿ ಬಳಸಿ ಹಿಡೀಬೇಕು. ನೆಲ ಮುಟ್ಟಿದ ತಕ್ಷಣ ಬೀಳಿಸ್ದೋನು ಹಿಡಿತ ಬಿಡ್ಬೇಕು, ಬಿದ್ದೋನು ಚೆಂಡು ಬಿಡ್ಬೇಕು. ಇಬ್ರಲ್ಲಿ ಯಾರು ಹಿಡ್ಕೊಂಡೇ ಇದ್ರೂ ತಪ್ಪು, ವರದರಾಜ್ ಸಾರ್ ಸೀಟಿ ಊದ್ತಾರೆ. ಮೊದ್ಲು ನನ್ನ ಬೀಳ್ಸಿ."

ಯಾರೂ ಮುಂದೆ ಬರಲಿಲ್ಲ. ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ಮಕ್ಕಳಿಗೆ ಟೀಚರ ಕಾಲು ಹಿಡಿದು ನೆಲಕ್ಕೆ ಕೆಡವು ಎಂದರೆ ಹೇಗೆ. ಒಬ್ಬ ಹುಡುಗ ಧೈರ್ಯ ಮಾಡಿ ಬಂದು, ಆಕೆಯ ಮಂಡಿ ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಂಡು ವಾಪಸು ಹೋದ. ಎಲ್ಲರೂ ನಕ್ಕರು. ಪ್ರೇಮಲತಾ ನಗಲಿಲ್ಲ. ಚೆಂಡನ್ನು ಕಂಕುಳಲ್ಲಿ ಹಿಡಿದು ಮಗನ ಕಡೆ ನೋಡುತ್ತ ನಿಂತಳು.

"ಗೋಕುಲ್, ಬಾ."

"ನಾನಾಡಲ್ಲ ಅಂದ್ನಲ್ಲ."

"ಆಡ್ಬೇಡ. ಸಿಟ್ಟಿದ್ಯಲ್ಲ, ಅದಕ್ಕಾದ್ರೂ ಬಂದು ಬೀಳ್ಸು."

ಅವನು ಬಂದ, ನಿಧಾನವಾಗಿ. ಮರಳಿನ ಈಚೆ ನಿಂತ. ಆಕೆ ಆಚೆಯಿಂದ ಚೆಂಡು ಹಿಡಿದು ನಡೆದು ಬಂದಳು. ಅವನ ಕೈ ತಾನಾಗಿ ಆಕೆಯ ಸೊಂಟಕ್ಕೆ ಹೋಗಿ ಗಾಳಿಯನ್ನು ಕಿತ್ತಿತು. ಅವನಿಗೇ ನಾಚಿಕೆಯಾಯಿತು. ಆಕೆ ಹಿಂದಕ್ಕೆ ಹೋಗಿ ಮತ್ತೆ ಬಂದಳು. ಈ ಸಲ ಅವನು ಮಂಡಿ ಬಗ್ಗಿಸಿದ, ಆಕೆಯ ಮುಖ ನೋಡಿದ, ನಿಂತುಬಿಟ್ಟ.

"ಪೆಟ್ಟಾಗತ್ತಮ್ಮ" ಎಂದ. ಅಷ್ಟು ದಿನದಲ್ಲಿ ಆಕೆಯ ಜೊತೆ ಅವನು ತಾನಾಗಿ ಆಡಿದ ಮೊದಲ ಮಾತು.

"ಆಗ್ಲಿ. ಮುಖ ನೋಡ್ಬೇಡ, ಕಾಲು ನೋಡು."

ಮೂರನೆಯ ಸಲ ಆಕೆ ಸ್ವಲ್ಪ ಓಡಿಯೇ ಬಂದಳು. ಗೋಕುಲ್ ಬಗ್ಗಿ, ಕೆನ್ನೆಯನ್ನು ಅಮ್ಮನ ತೊಡೆಗೊತ್ತಿ, ಎರಡೂ ಕೈಯಲ್ಲಿ ಆಕೆಯ ಕಾಲುಗಳನ್ನು ಬಳಸಿ ಹಿಡಿದು ಭುಜದಿಂದ ತಳ್ಳಿದ. ಪುಸ್ತಿಕೆಯಲ್ಲಿದ್ದ ಹಾಗೇ. ಆಕೆ ಚೆಂಡನ್ನು ಎದೆಗೆ ಅವಚಿಕೊಂಡು ಭುಜದ ಮೇಲೆ ಉರುಳಿದಳು. ತಾಯಿ ಮಗ ಇಬ್ಬರೂ ಮರಳಿನಲ್ಲಿ ಬಿದ್ದರು.

ಗೋಕುಲ್ ತಕ್ಷಣ ಹಿಡಿತ ಬಿಟ್ಟ. ಪ್ರೇಮಲತಾ ಬಿಡಲಿಲ್ಲ. ಚೆಂಡನ್ನು ಒಂದು ಕೈಯಲ್ಲಿ ಹಾಗೇ ಅವಚಿ, ಇನ್ನೊಂದು ಕೈಯಲ್ಲಿ ಅವನ ತಲೆಯನ್ನು ತನ್ನ ಕಡೆ ಎಳೆದುಕೊಂಡು ಕಣ್ಣು ಮುಚ್ಚಿ ಮಲಗಿದ್ದಳು. ಅದು ತಪ್ಪು. ಸೀಟಿ ನನ್ನ ಬಾಯಲ್ಲೇ ಇತ್ತು. ಕಾನೂನಿನ ವಿಷಯದಲ್ಲಿ ಯಾರ ಮುಲಾಜೂ ನೋಡದವನು ನಾನು, ಆದರೂ ಊದದೆ ಸೀಟಿಯನ್ನು ಬಾಯಿಂದ ತೆಗೆದೆ.

ಕೊನೆಗೆ ಗೋಕುಲನೇ ಮೆಲ್ಲಗೆ ಹೇಳಿದ.

"ಅಮ್ಮ, ಬಿದ್ಮೇಲೆ ಬಿಡ್ಬೇಕು."

ಆಕೆ ಕಣ್ಣು ತೆರೆದು ಅವನನ್ನು ನೋಡಿದಳು. ಮೊದಲು ಚೆಂಡು ಬಿಟ್ಟಳು, ಆಮೇಲೆ ಅವನ ತಲೆಯಿಂದ ಕೈ ತೆಗೆದಳು. ಅವನು ಎದ್ದು, ಮರಳು ಕೊಡವಿಕೊಳ್ಳದೆ ಚೆಂಡನ್ನು ಬಾಚಿಕೊಂಡು, ಕೂಗುತ್ತಿದ್ದ ಹುಡುಗರ ನಡುವೆ ನುಗ್ಗಿ ಓಡಿದ. ಇಬ್ಬರು ಅವನ ಬೆನ್ನು ಹತ್ತಿದರು, ಈ ಸಲ ಕೈಗಳನ್ನು ಅಗಲ ಚಾಚಿ. ಪ್ರೇಮಲತಾ ಮರಳಿನಲ್ಲಿ ಕೂತು, ಅವರು ಅವನನ್ನು ಹಿಡಿಯುವುದನ್ನೂ ಅವನು ಬೀಳುವುದನ್ನೂ ಪೂರ್ತಿ ನೋಡಿದಳು.